ಬ್ಲೂ ಲೆಟರ್ ಬೈಬಲ್ ಆ್ಯಪ್: ಬಳ್ಳಾರಿಯ ವಾಕ್ಯ ಅಧ್ಯಯನ ಕೂಟಗಳಿಗೆ ಎಷ್ಟು ಉಪಯೋಗ?

ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ ಊರು ಬಳ್ಳಾರಿ. ವಿಲಿಯಂ ರೀವ್ ಜೊತೆಗೂಡಿ ಅವರು ದುಡಿದ ಕನ್ನಡ ಬೈಬಲ್ 1831ರಲ್ಲಿ ಇಲ್ಲೇ ಪೂರ್ಣವಾಯಿತು. ಈಗ ಇಲ್ಲಿನ ಕೂಟಗಳಲ್ಲಿ ವಾಕ್ಯ ಹೇಳುವವರು ಹೀಬ್ರೂ ಅಕ್ಷರ ಬಾರದೆಯೂ ಮೂಲಪದದ ಹತ್ತಿರ ಹೋಗಬಹುದು, ಅದಕ್ಕೆ ಬ್ಲೂ ಲೆಟರ್ ಬೈಬಲ್ ಎಂಬ ಈ ಉಚಿತ ಆ್ಯಪ್ ಸಾಕು. ಆದರೆ ಅರ್ಥಗಳ ಪಟ್ಟಿಯಲ್ಲೇ ನಿಂತರೆ ಕೆಟ್ಟಿತು.

ಕನ್ನಡ ಪಠ್ಯಕ್ಕೆ ಸ್ಟ್ರಾಂಗ್ಸ್ ಸಂಖ್ಯೆ (ಬೈಬಲಿನ ಪ್ರತಿ ಮೂಲಪದಕ್ಕೆ ಕೊಟ್ಟ ಕ್ರಮಸಂಖ್ಯೆ; ಹೀಬ್ರೂ ಪದಗಳಿಗೆ ಮುಂದೆ ‘ಎಚ್’) ಜೋಡಿಸಿಲ್ಲ. ಇಂಗ್ಲಿಷಿನ ಕಿಂಗ್ ಜೇಮ್ಸ್ ಪಠ್ಯ ತೆರೆದು, ವಚನ ಒತ್ತಿ, ಮೂಲಪದಗಳನ್ನು ಜೊತೆಗೆ ತೋರಿಸುವ ‘ಇಂಟರ್‌ಲೀನಿಯರ್’ ಆರಿಸಿ. ಆದಿಕಾಂಡ 1:2ರ ‘ಆತ್ಮ’ದ ಎದುರು ಎಚ್ 7307, ರೂಆಖ್ ಎಂದಿರುತ್ತದೆ. ಅದನ್ನು ಒತ್ತಿದರೆ ಲೆಕ್ಕ ಸಿಗುತ್ತದೆ: ಒಟ್ಟು 378. ಆತ್ಮ 232, ಗಾಳಿ 92, ಉಸಿರು 27, ಬದಿ 6, ಹೀಗೆ.

ಹೆಚ್ಚಿನವರು ಎಡವುವುದು ಇಲ್ಲೇ. ಈ ಎಲ್ಲ ಅರ್ಥಗಳನ್ನೂ ಒಂದೇ ವಚನಕ್ಕೆ ಸುರಿದುಬಿಡುತ್ತಾರೆ. ಇದು ಇಂಗ್ಲಿಷ್ ಅನುವಾದಕರು ಎಲ್ಲೆಲ್ಲಿ ಯಾವ ಪದ ಬಳಸಿದರು ಎಂಬ ಎಣಿಕೆ ಮಾತ್ರ. ಆದಿಕಾಂಡ 3:8ರಲ್ಲಿ ರೂಆಖ್ ಅನ್ನು ಸಂಜೆಗಾಳಿ ಎಂದು ಓದಿದರೆ ಸಾಕು. ಆ ‘ಬದಿ’ಯ ಆರರಲ್ಲಿ ಐದು ಯೆಹೆಜ್ಕೇಲ 42ರಲ್ಲಿವೆ, ದೇವಾಲಯದ ದಿಕ್ಕುಗಳ ಅಳತೆಯಲ್ಲಿ.

ಅರ್ಥಗಳು ನಿಜಕ್ಕೂ ಒಂದರೊಳಗೊಂದು ಬೆರೆಯುವುದು ಯೆಹೆಜ್ಕೇಲ 37ರಲ್ಲಿ. ಮೊದಲ 14 ವಚನಗಳಲ್ಲಿ ರೂಆಖ್ 10 ಸಲ ಬರುತ್ತದೆ, 9ನೇ ವಚನವೊಂದರಲ್ಲೇ 4 ಸಲ. ನಾಲ್ಕು ದಿಕ್ಕಿನ ಗಾಳಿಯೂ ಅದೇ, ಹತರಾದವರೊಳಗೆ ಹೊಗುವ ಉಸಿರೂ ಅದೇ. 14ಕ್ಕೆ ಬರುವಾಗ ದೇವರು ಅದನ್ನು ‘ನನ್ನದು’ ಎನ್ನುತ್ತಾನೆ. ಸಂಖ್ಯೆ ಹಿಡಿದು ಸಾಲುಸಾಲಾಗಿ ಓದಿದರೆ ಮೈ ಜುಮ್ಮೆನ್ನುತ್ತದೆ. ಆ್ಯಪ್‌ನ ನಿಜವಾದ ಬೆಲೆ ಇರುವುದು ಇಂಥ ಕಡೆ.

ಆದಿಕಾಂಡ 1:2ರಲ್ಲಿ ಆ ಆತ್ಮ ಮಾಡುವುದನ್ನು ಹೇಳುವ ಕ್ರಿಯಾಪದವನ್ನೂ (ಎಚ್ 7363) ಬಿಡಬೇಡಿ. ಅದು ಬರುವುದು ಮೂರೇ ಕಡೆ. ಧರ್ಮೋಪದೇಶಕಾಂಡ 32:11ರಲ್ಲಿ ಮರಿಗಳ ಮೇಲೆ ರೆಕ್ಕೆಯಾಡಿಸುವ ಹದ್ದಿಗೆ ಆದಿಕಾಂಡದ್ದೇ ಪಿಯೇಲ್ ರೂಪ (ಹೀಬ್ರೂ ಕ್ರಿಯಾಪದದ ಒಂದು ಬಗೆ). ಯೆರೆಮೀಯ 23:9ರಲ್ಲಿ ಎಲುಬು ನಡುಗುವುದು ಕಾಲ್ ಎಂಬ ಇನ್ನೊಂದು ರೂಪ. ಈ ಭೇದ ನೋಡದವರು ಆದಿಕಾಂಡಕ್ಕೂ ನಡುಕ ಅಂಟಿಸುತ್ತಾರೆ.

ದೊಡ್ಡ ಕೊರತೆಯೆಂದರೆ, ಸಂಖ್ಯೆಯಿಂದ ಹುಡುಕಿದರೆ ಆ ಒಂದು ಪದವಷ್ಟೇ ಸಿಗುತ್ತದೆ. ಆದಿಕಾಂಡ 2:7ರ ಜೀವಶ್ವಾಸ ನೆಶಾಮಾ, ಎಚ್ 5397. 7307 ಹುಡುಕಿದವರಿಗೆ ಆ ವಚನ ಸಿಗುವುದೇ ಇಲ್ಲ. ಯೋಬ 33:4ರಲ್ಲಿ ಎರಡೂ ಪದ ಜೋಡಿ ಸಾಲುಗಳಲ್ಲಿ ಎದುರುಬದುರಾಗಿವೆ, ಹಾಗಾಗಿ ಅಲ್ಲಿಂದ ಆರಂಭಿಸುವುದು ಒಳ್ಳೆಯದು.

ಹೀಬ್ರೂ ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡುವವರು ವಚನಸಂಖ್ಯೆ ಗಮನಿಸಿ, ಕೆಲವೆಡೆ ಅದು ಬೇರೆ: ರೂಆಖ್ ಬರುವ ನಮ್ಮ ಯೋವೇಲ 2:28 ಅಲ್ಲಿ 3:1, ಕೀರ್ತನೆ 51:10 ಅಲ್ಲಿ 51:12.