ಪಿಪಿ–ಎಚ್‌ಡಿಪಿಇ ಬೆರಕೆ ಗ್ರಾನ್ಯೂಲ್ಸ್ ಕೊಳ್ಳುವವರು ಈ ರಿಪೋರ್ಟ್ ನಂಬಬೇಡಿ

ಪೀಣ್ಯದಲ್ಲಿ ನಮ್ಮದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ) ಘಟಕ. ಟೊಮೆಟೊ ಕ್ರೇಟ್ ಮಾಡುತ್ತೇವೆ. ಈಚೆಗೆ ಒಬ್ಬ ಸಪ್ಲೈಯರ್ ರೀಸೈಕಲ್ ಪಿಪಿ (ಪಾಲಿಪ್ರೊಪಿಲೀನ್), ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಎಂಬ ಎರಡು ಪ್ಲಾಸ್ಟಿಕ್ ಬೆರೆಸಿದ ಗ್ರಾನ್ಯೂಲ್ಸ್ (ಪ್ಲಾಸ್ಟಿಕ್ ಕಾಳು) ಕೊಟ್ಟರು. ಜೊತೆಗೆ ಲ್ಯಾಬ್ ರಿಪೋರ್ಟು. ‘ಎರಡೂ ಚೆನ್ನಾಗಿ ಹೊಂದಿಕೊಂಡಿವೆ’ ಎಂದು ಬರೆದು ಸೀಲು ಒತ್ತಿದ್ದರು. ಅದರಿಂದ ಮಾಡಿದ ಕ್ರೇಟ್‌ಗಳು ಕೋಲಾರದ ಮಂಡಿಯಲ್ಲಿ ಲಾರಿಯಿಂದ ಇಳಿಸುವಾಗಲೇ ಮೂಲೆಯಲ್ಲಿ ಸೀಳಿದವು. ಹಣ್ಣೆಲ್ಲ ನೆಲದ ಪಾಲು. ನಮ್ಮ ದುಡ್ಡು ಹೋದದ್ದಕ್ಕಿಂತ ರೈತರ ಮಾಲು ಹಾಳಾದದ್ದೇ ಜಾಸ್ತಿ ಸಂಕಟ.

ರಿಪೋರ್ಟಿನಲ್ಲಿ ಇದ್ದದ್ದು ಮೆಲ್ಟ್ ಫ್ಲೋ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು), ಸಾಂದ್ರತೆ, ಟೆನ್ಸೈಲ್ ಸ್ಟ್ರೆಂತ್ (ಎಳೆತ ತಡೆಯುವ ಶಕ್ತಿ). ಮೂರೂ ಅಂಕಿ ಚೆನ್ನಾಗಿಯೇ ಇದ್ದವು. ಆದರೆ ಎರಡು ಪ್ಲಾಸ್ಟಿಕ್ ಒಂದಕ್ಕೊಂದು ಎಷ್ಟು ಹಿಡಿದುಕೊಂಡಿವೆ ಎಂದು ಇವು ಹೇಳುವುದಿಲ್ಲ. ಪಿಪಿ, ಎಚ್‌ಡಿಪಿಇ ಎರಡೂ ನೀರಲ್ಲಿ ತೇಲುತ್ತವೆ, ಹಾಗಾಗಿ ತೊಳೆಯುವ ತೊಟ್ಟಿಯಲ್ಲಿ ಬೇರೆಯಾಗುವುದಿಲ್ಲ. ಕರಗಿಸಿದರೆ ಬೆರೆಯುವುದೂ ಇಲ್ಲ. ಒಂದರೊಳಗೆ ಇನ್ನೊಂದು ಸಣ್ಣ ಗುಂಡುಗಳಾಗಿ ಉಳಿಯುತ್ತದೆ. ನಿಧಾನವಾಗಿ ಎಳೆದರೆ ತಡೆಯುತ್ತದೆ, ಏಟು ಬಿದ್ದರೆ ಗುಂಡಿನ ಅಂಚಿನಲ್ಲೇ ಬಿಡುತ್ತದೆ. ಒಡೆದ ತುಂಡನ್ನು ಬೇರೆ ಲ್ಯಾಬಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ನೋಡಿಸಿದೆವು. ಎಲ್ಲೆಲ್ಲೂ ನುಣುಪಾದ ಗುಂಡುಗಳು, ಗುಂಡು ಕಿತ್ತುಬಂದ ನುಣುಪಾದ ಕುಳಿಗಳು. ಅಂಟಿಕೊಂಡ ಗುರುತೇ ಇಲ್ಲ.

ಎರಡನ್ನೂ ಹೊಂದಿಸುವ ಕಂಪ್ಯಾಟಿಬಿಲೈಸರ್ ಹಾಕಿದ್ದೇವೆ ಎಂದು ಸಪ್ಲೈಯರ್ ಅಂದಿದ್ದರು. ವಿಚಾರಿಸಿದರೆ ಅದು ಮಲೇಯಿಕ್ ಅನ್‌ಹೈಡ್ರೈಡ್ ಕೂರಿಸಿದ ಪಿಪಿ. ಪಿಪಿಗೆ ನೈಲಾನ್ ಬೆರೆಸುವಾಗ ಅದು ಸರಿ, ನೈಲಾನಿನ ತುದಿಗಳ ಜೊತೆ ಅದು ರಾಸಾಯನಿಕವಾಗಿ ಕೂಡುತ್ತದೆ. ಪಾಲಿಎಥಿಲೀನ್‌ನಲ್ಲಿ ಕೂಡಲು ಏನೂ ಇಲ್ಲವಲ್ಲ! ಇಲ್ಲಿ ಬೇಕಾದದ್ದು ಎರಡಕ್ಕೂ ಹೊಂದುವ ಎಥಿಲೀನ್–ಪ್ರೊಪಿಲೀನ್ ರಬ್ಬರ್ ಅಥವಾ ಓಲೆಫಿನ್ ಬ್ಲಾಕ್ ಕೋಪಾಲಿಮರ್.

ಡಿಎಸ್‌ಸಿ (ಬಿಸಿ ಮಾಡುತ್ತಾ ಯಾವ ಉಷ್ಣತೆಯಲ್ಲಿ ಕರಗುತ್ತದೆ ಎಂದು ಅಳೆಯುವ ಪರೀಕ್ಷೆ) ಗ್ರಾಫ್ ತೋರಿಸಿದರೂ ಸುಮ್ನೆ ಒಪ್ಪಬೇಡಿ. 130 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದು, 160ರ ಆಚೆ ಒಂದು ಶಿಖರ ಬರುತ್ತದೆ. ಚೆನ್ನಾಗಿ ಹೊಂದಿಸಿದ ಬೆರಕೆಯಲ್ಲೂ ಹಾಗೇ ಬರುತ್ತದೆ. ಒಳಗೆ ಏನೇನಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ.

ಕೇಳಬೇಕಾದದ್ದು ನಾಚ್ಡ್ ಐಜೋಡ್ ಇಂಪ್ಯಾಕ್ಟ್ (ಕಚ್ಚು ಮಾಡಿದ ತುಂಡಿಗೆ ಏಟು ಕೊಟ್ಟು ನೋಡುವ ಪರೀಕ್ಷೆ) ಮತ್ತು ತುಂಡಾಗುವವರೆಗಿನ ಹಿಗ್ಗುವಿಕೆ. ಸ್ಯಾಂಪಲ್ ನಿಮ್ಮ ಅಚ್ಚಿನದೇ ಆಗಿರಲಿ, ವೆಲ್ಡ್ ಲೈನ್ (ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕಿನ ಎರಡು ಹರಿವು ಸೇರುವ ಗೆರೆ) ಇರುವ ಜಾಗದಿಂದಲೂ ಕತ್ತರಿಸಿ ಕೊಡಿ. ನಮ್ಮ ಕ್ರೇಟ್ ಸೀಳಿದ್ದು ಅಲ್ಲೇ. ಅದಕ್ಕೂ ಮೊದಲು ಒಂದು ಪಟ್ಟಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ನೋಡಿ. ಈರುಳ್ಳಿ ಸಿಪ್ಪೆಯಂತೆ ಪದರ ಎದ್ದರೆ ಮಾಲು ವಾಪಸ್ ಕಳಿಸಿ.

ಸಪ್ಲೈಯರ್ ಈಗ ನಮ್ಮ ಯಂತ್ರದ ಬ್ಯಾರಲ್ (ಪ್ಲಾಸ್ಟಿಕ್ ಕರಗಿಸುವ ಕೊಳವೆ) ಟೆಂಪರೇಚರ್ ಸರಿಯಿಲ್ಲ ಎನ್ನುತ್ತಿದ್ದಾರೆ. ಅವರೆದುರು ವಾದ ಮಾಡಲು ನಮಗೆ ಉಳಿದಿರುವುದು ಬಿಚ್ಚದೆ ಇಟ್ಟಿದ್ದ ಅದೇ ಲಾಟಿನ ಚೀಲ. ನೀವೂ ಪ್ರತಿ ಲಾಟಿನಿಂದ ಒಂದಿಷ್ಟು ಗ್ರಾನ್ಯೂಲ್ಸ್ ಸೀಲ್ ಮಾಡಿ, ತಾರೀಕು ಬರೆದು ತೆಗೆದಿಡಿ.