ಹಳೇ ಟೇಬಲ್ ಸಾ ಹುಡುಕುವವರಿಗೆ: ಕ್ರಾಫ್ಟ್ಸ್‌ಮನ್, ಯುನಿಸಾ, ಪವರ್‌ಮ್ಯಾಟಿಕ್ 66

ಹಳೆಯ ಟೇಬಲ್ ಸಾ (ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದಿರುವ ಕರೆಂಟಿನ ಗರಗಸ) ನೋಡಲು ಹೋಗಿ ತುಕ್ಕು ಕಂಡು ಹಿಂದಕ್ಕೆ ಬರುವವರೇ ಹೆಚ್ಚು. ತುಕ್ಕು ಲೆಕ್ಕಕ್ಕಿಲ್ಲ. ಬೀಡು (ಎರಕದ ಕಬ್ಬಿಣ) ಒಡೆದಿದೆಯೇ, ಮೋಟಾರು ಆ ಮಿಷನ್ನಿನದೇ ಹೌದೇ, ನಿಮ್ಮ ಮನೆಯ ಕರೆಂಟಿಗೆ ಅದು ಓಡುತ್ತದೆಯೇ, ಇಷ್ಟು ನೋಡಿ. ಬೆಲ್ಟು, ಬೇರಿಂಗು, ಸ್ವಿಚ್ಚು, ಫೆನ್ಸು (ಮರವನ್ನು ಒರಗಿಸಿ ತಳ್ಳುವ ಪಟ್ಟಿ) ಎಲ್ಲ ಇವತ್ತಿಗೂ ದುಡ್ಡು ಕೊಟ್ಟರೆ ಸಿಗುತ್ತವೆ. ಒಡೆದ ಬೀಡನ್ನು ಸರಿಮಾಡುವುದು ಮಾತ್ರ ಬಹಳ ಕಷ್ಟ.

ನಾನಿರುವುದು ಮಿಷಿಗನ್‌ನಲ್ಲಿ. ಹಳೆಯ ಮರಗೆಲಸದ ಮಿಷನ್ ಹುಡುಕುವವರಿಗೆ ಅಮೆರಿಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಗ್ರ್ಯಾಂಡ್ ರ‍್ಯಾಪಿಡ್ಸ್ ಒಂದು ಕಾಲಕ್ಕೆ ಈ ದೇಶದ ಪೀಠೋಪಕರಣದ ರಾಜಧಾನಿ. ಮಿಷಿಗನ್ ಸರೋವರದ ಆಚೆ ದಡದ ಮಿಲ್ವಾಕಿಯಲ್ಲಿ ಮರಗೆಲಸದ ಮಿಷನ್ ತಯಾರಿಸುವ ಡೆಲ್ಟಾ ಕಂಪನಿ ಇತ್ತು. ಕಾರ್ಖಾನೆಗಳು ಮುಚ್ಚಿದವು, ಹೈಸ್ಕೂಲುಗಳು ಮರಗೆಲಸದ ತರಗತಿ ನಿಲ್ಲಿಸಿದವು, ಬೇಸ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಂದಿರು ತೀರಿಕೊಂಡರು. ಅಲ್ಲೆಲ್ಲ ಇದ್ದ ಮಿಷನ್‌ಗಳು ಈಗ ಹರಾಜಿಗೆ, ತೀರಿಕೊಂಡವರ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲಿಗೆ ಬರುತ್ತಿವೆ. ಮಾರುವವರು ಬಹುಪಾಲು ಮಕ್ಕಳೋ ಮೊಮ್ಮಕ್ಕಳೋ. ಕೇಳಿದರೆ ಒಂದೇ ಉತ್ತರ: "ನಮ್ಮಪ್ಪ ಬಳಸುತ್ತಿದ್ದಾಗ ಚೆನ್ನಾಗೇ ಇತ್ತು."

ಹಳೆಯವುಗಳಲ್ಲಿ ನಾನು ಕೆಲಸ ಮಾಡಿ ನೋಡಿರುವುದು ಮೂರು ಮಿಷನ್‌ಗಳ ಮೇಲೆ. ಮೊದಲು ಕೊಂಡ ಕ್ರಾಫ್ಟ್ಸ್‌ಮನ್, ಈಗ ಗ್ಯಾರೇಜಿನಲ್ಲಿರುವ ಐವತ್ತರ ದಶಕದ ಡೆಲ್ಟಾ ಯುನಿಸಾ, ಮತ್ತು ಗೆಳೆಯನೊಬ್ಬನ ಪವರ್‌ಮ್ಯಾಟಿಕ್ 66. ಮೂರಕ್ಕೂ ಹಾಕಿದ್ದು ಹತ್ತಿಂಚಿನ ಬ್ಲೇಡು, ಮೂರಕ್ಕೂ ಕೊಟ್ಟದ್ದು ಎರಡಿಂಚು ದಪ್ಪದ ಹಾರ್ಡ್ ಮೇಪಲ್ ಸೀಳುವ ಕೆಲಸ. ಆಮೇಲೆ ಮನೆಯ ದೇವರ ಮಂಟಪಕ್ಕೆಂದು ಚೆರಿ ಹಲಗೆಗಳ ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ಯುವುದಿತ್ತು.

ಕ್ರಾಫ್ಟ್ಸ್‌ಮನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಯರ್ಸ್ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಇದರ ಮಾಡೆಲ್ ನಂಬರು 113ರಿಂದ ಶುರುವಾದರೆ ತಯಾರಿಸಿದ್ದು ಎಮರ್ಸನ್ ಎಲೆಕ್ಟ್ರಿಕ್. ಮೋಟಾರು ಹಿಂದೆ ಹೊರಗಡೆ ನೇತಾಡುತ್ತದೆ, ಒಂದೇ ಬೆಲ್ಟು, ಮನೆಯ ಮಾಮೂಲಿ 120 ವೋಲ್ಟಿನ ಪ್ಲಗ್ಗು ಸಾಕು. ನಮ್ಮ ಕಡೆ ನೂರಿನ್ನೂರು ಡಾಲರಿಗೆ ಸಿಗುತ್ತದೆ, ಇಬ್ಬರಿದ್ದರೆ ವ್ಯಾನಿಗೆ ಎತ್ತಿ ಹಾಕಬಹುದು. ಮೇಪಲ್ ಕೊಟ್ಟಾಗ ಬ್ಲೇಡು ಉಸಿರು ಕಟ್ಟಿದ ಹಾಗೆ ನಿಧಾನವಾಯಿತು. ತೆಳು ಬ್ಲೇಡು ಹಾಕಿ, ತಳ್ಳುವ ವೇಗ ತಗ್ಗಿಸಿದ ಮೇಲೆ ಸೀಳಿತು. ಇದರ ನಿಜವಾದ ತೊಂದರೆ ಶಕ್ತಿಯದ್ದಲ್ಲ. ಬ್ಲೇಡನ್ನು ಹಿಡಿದಿರುವ ಟ್ರನಿಯನ್ ಮೇಜಿನ ಅಡಿಗೇ ಬೋಲ್ಟಾಗಿದೆ. ಮೇಜಿನ ಮೇಲೆ ಕೊರೆದಿರುವ ಕಾಲುವೆಗೂ ಬ್ಲೇಡಿಗೂ ಸಮಾನಾಂತರ ತಪ್ಪಿದರೆ ಕೆಳಗೆ ತೂರಿ, ಬೋಲ್ಟು ಸಡಿಲಿಸಿ, ಮರದ ತುಂಡಿನಿಂದ ಟ್ರನಿಯನ್ನಿಗೆ ಒಂದೊಂದೇ ಏಟು ಕೊಟ್ಟು ಸರಿಸಬೇಕು. ಬಿಗಿಮಾಡುವಾಗ ಅದು ಮತ್ತೆ ಜರುಗುತ್ತದೆ. ಕಲಿಯಲು ಒಳ್ಳೆಯ ಮಿಷನ್ನು, ಮದುವೆಯಾಗಲು ಅಲ್ಲ.

ಯುನಿಸಾ ಬೇರೆಯದೇ ಜಾತಿ. ಡೆಲ್ಟಾ ಇದನ್ನು ಮಾರುಕಟ್ಟೆಗೆ ತಂದದ್ದು 1939ರಲ್ಲಿ. ಅದಕ್ಕೂ ಮುಂಚೆ ಓರೆ ಕೊಯ್ಯಬೇಕಾದರೆ ಬಹಳಷ್ಟು ಗರಗಸಗಳಲ್ಲಿ ಮೇಜನ್ನೇ ವಾಲಿಸಬೇಕಿತ್ತು, ಮರ ಜಾರುತ್ತಿತ್ತು. ಯುನಿಸಾದಲ್ಲಿ ಮೇಜು ಮಟ್ಟವಾಗೇ ಇರುತ್ತದೆ, ಒಳಗಿನ ಬ್ಲೇಡು ವಾಲುತ್ತದೆ. ಮೋಟಾರು, ಟ್ರನಿಯನ್ನು ಎಲ್ಲ ಪೆಟ್ಟಿಗೆಯೊಳಗೆ. ಮೇಜು ಪೆಟ್ಟಿಗೆಯ ಮೇಲೆ ಪ್ರತ್ಯೇಕವಾಗಿ ಕೂತಿರುವುದರಿಂದ, ಸಮಾನಾಂತರ ತಪ್ಪಿದರೆ ಅದರ ಬೋಲ್ಟುಗಳನ್ನು ಸಡಿಲಿಸಿ ಮೇಜನ್ನು ತಿರುಗಿಸಿದರೆ ಮುಗಿಯಿತು. ಕ್ರಾಫ್ಟ್ಸ್‌ಮನ್ ಕೆಳಗೆ ಮಲಗಿ ಬೈದುಕೊಂಡವರಿಗೆ ಇದೊಂದೇ ಸಾಕು, ಯುನಿಸಾಗೆ ಸೋಲಲು.

1945ರಲ್ಲಿ ಡೆಲ್ಟಾವನ್ನು ರಾಕ್‌ವೆಲ್ ಕಂಪನಿ ಕೊಂಡಿತು. ಆಮೇಲಿನ ಕಾಲದ ಯುನಿಸಾಗಳು ಮಿಸಿಸಿಪಿಯ ಟ್ಯುಪೆಲೊದಲ್ಲಿ ತಯಾರಾದವು. ಮಿಷನ್ನಿನ ಹೆಸರಿನ ತಟ್ಟೆಯ ಮೇಲೆ ಮಿಲ್ವಾಕಿ ಅಂತಿದ್ದರೆ ಮಾರುವವರು ಬೆಲೆ ಏರಿಸುತ್ತಾರೆ. ಕೊಯ್ಯುವ ಕೆಲಸದಲ್ಲಿ ಅದರಿಂದ ಏನೂ ವ್ಯತ್ಯಾಸವಿಲ್ಲ, ನೋಡಲು ಚೆಂದ ಅಷ್ಟೆ. ಮೋಟಾರಿನ ಉಬ್ಬಿಗೆ ಮುಚ್ಚಳವಾಗಿರುವ, ಹೆಬ್ಬಾತಿನ ಮೊಟ್ಟೆ ಎಂದು ಇಲ್ಲಿಯವರು ಕರೆಯುವ ಹಳೆಯ ಬೀಡಿನ ಮುಚ್ಚಳ ಇದ್ದರಂತೂ ಕೇಳುವುದೇ ಬೇಡ. ಅದೊಂದಕ್ಕೇ ಬೇರೆ ಬೆಲೆ ಇದೆ.

ಯುನಿಸಾ ನೋಡಲು ಹೋದಾಗ ಮೋಟಾರಿನ ಬಾಗಿಲು ತೆಗೆಸದೆ ವ್ಯಾಪಾರ ಮಾತಾಡಬೇಡಿ. ಅದರ ಮೋಟಾರು ಕೂರುವ ರೀತಿ ಅದಕ್ಕೇ ಸೀಮಿತ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೋಟಾರನ್ನು ತಂದು ನೇರವಾಗಿ ಕೂರಿಸಲಾಗದು, ಬೇರೆ ಬ್ರಾಕೆಟ್ ಬೇಕು. ಮೋಟಾರಿಲ್ಲದ ಯುನಿಸಾ ಇನ್ನೂರು ಡಾಲರಿಗೆ ಸಿಕ್ಕರೂ ಅಗ್ಗವಲ್ಲ. ನನ್ನದರಲ್ಲಿ ಇರುವುದು ಒಂದೂವರೆ ಎಚ್‌ಪಿಯ ಹಳೆಯ ರಿಪಲ್ಷನ್-ಇಂಡಕ್ಷನ್ ಮೋಟಾರು. ಬ್ರಶ್ಶುಗಳ ಮೇಲೆ ಗುರುಗುಟ್ಟುತ್ತ ಶುರುವಾಗುತ್ತದೆ, ವೇಗ ಹಿಡಿದ ಮೇಲೆ ಒಳಗಿನಿಂದ 'ಟಕ್' ಅನ್ನುತ್ತದೆ, ಅಲ್ಲಿಂದಾಚೆ ಮಾಮೂಲಿ ಇಂಡಕ್ಷನ್ ಮೋಟಾರು. ಶುರುವಾಗುವಾಗಿನ ಆ ಬಲ ಈಗಿನ ಮೋಟಾರುಗಳಲ್ಲಿ ಕಾಣುವುದು ಕಷ್ಟ. ಮೂರು ಬೆಲ್ಟು. ಹೆಸರಿಗೆ ಒಂದೂವರೆ ಎಚ್‌ಪಿಯಾದರೂ ಮೇಪಲ್ಲನ್ನು ಒಂದೇ ಸಮನೆ ಸೀಳಿತು, ಕೊಯ್ದ ಮುಖದಲ್ಲಿ ಸುಟ್ಟ ಕಲೆ ಇರಲಿಲ್ಲ.

ಪವರ್‌ಮ್ಯಾಟಿಕ್ 66 ಟೆನ್ನೆಸಿಯ ಮೆಕ್‌ಮಿನ್‌ವಿಲ್‌ನದು. ಹಸಿರು ಬಣ್ಣದ ಹಳೆಯವೇ ಜನಕ್ಕೆ ಬೇಕು. ಗೆಳೆಯನದ್ದು ಮೂರು ಎಚ್‌ಪಿ. ಮುಚ್ಚಳ ತೆಗೆದು ಒಳಗೆ ನೋಡಿದರೆ ಯುನಿಸಾಗಿಂತ ದಪ್ಪ ಬೀಡು, ಹಿಡಿಕೆ ತಿರುಗಿಸಿದರೆ ಬ್ಲೇಡು ಮೇಲೇರುವುದರಲ್ಲಿ ಒಂದು ನಯ. ಮೇಪಲ್ ಕೊಟ್ಟಾಗ ಮೋಟಾರಿನ ಸದ್ದೂ ಬದಲಾಗಲಿಲ್ಲ. ಓಡುತ್ತಿರುವ ಮೇಜಿನ ಮೇಲೆ ಐದು ಸೆಂಟಿನ ನಾಣ್ಯ ಅಂಚಿನ ಮೇಲೆ ನಿಲ್ಲಿಸುವುದು ಇಲ್ಲಿಯ ಮರಗೆಲಸದವರ ಹಳೇ ಪರೀಕ್ಷೆ. 66ರ ಮೇಲೆ ಶುರು ಮಾಡುವಾಗಲೂ ನಿಂತಿತು, ನಿಲ್ಲಿಸುವಾಗಲೂ ನಿಂತಿತು. ಯುನಿಸಾ ಮೇಲೆ ಓಡುವಾಗ ನಿಂತದ್ದು, ಆ 'ಟಕ್' ಆಗುವಾಗ ಬಿತ್ತು. ಕ್ರಾಫ್ಟ್ಸ್‌ಮನ್ ಮೇಲೆ ಆ ಆಸೆಯೇ ಬೇಡ.

ಇನ್ನು ದೇವರ ಮಂಟಪದ ಓರೆ ಕೊಯ್ತ. ಇಲ್ಲಿ 66 ಸ್ಪಷ್ಟವಾಗಿ ಮುಂದೆ. ಹಳೇ ಯುನಿಸಾದ ಬ್ಲೇಡು ಬಲಕ್ಕೆ ವಾಲುತ್ತದೆ, ಅಂದರೆ ಫೆನ್ಸಿನ ಕಡೆಗೆ. ಓರೆ ಬ್ಲೇಡಿನ ಕೆಳಗೆ, ಫೆನ್ಸಿಗೂ ಅದಕ್ಕೂ ನಡುವೆ ಮರ ಸಿಕ್ಕಿಬಿದ್ದರೆ ಎದೆಯ ಕಡೆಗೆ ಎಸೆಯುತ್ತದೆ. ಹಾಗಾಗಿ ಫೆನ್ಸನ್ನು ಬ್ಲೇಡಿನ ಎಡಕ್ಕೆ ಸಾಗಿಸಿ ಕೊಯ್ಯಬೇಕು, ಬಲಗೈ ರೂಢಿಯವರಿಗೆ ಅದು ಇರುಸುಮುರುಸು. 66ರ ಬ್ಲೇಡು ಎಡಕ್ಕೆ ವಾಲುತ್ತದೆ, ಫೆನ್ಸು ಇದ್ದಲ್ಲೇ ಇರಲಿ. ಆದರೆ ನೇರ ಕೊಯ್ತಕ್ಕೆ ಬಂದರೆ ಬಲಕ್ಕೆ ವಾಲುವುದೇ ವಾಸಿ. ಯುನಿಸಾದಲ್ಲಿ ಬ್ಲೇಡು ದಪ್ಪವಾದರೂ ಆ ದಪ್ಪ ಎಡಕ್ಕೆ ಬೆಳೆಯುತ್ತದೆ, ಫೆನ್ಸಿನ ಅಳತೆಪಟ್ಟಿ ತಪ್ಪುವುದಿಲ್ಲ. 66ರಲ್ಲಿ ತೆಳು ಬ್ಲೇಡು ತೆಗೆದು ದಪ್ಪದ್ದು ಹಾಕಿದ ಪ್ರತಿ ಸಲ ಪಟ್ಟಿಯನ್ನು ಮತ್ತೆ ಹೊಂದಿಸಬೇಕು. ನಾನು ವರ್ಷಕ್ಕೆ ನಾಲ್ಕಾರು ಓರೆ ಕೊಯ್ತ ಮಾಡುವವನು, ನೇರ ಸೀಳುವುದು ವಾರ ವಾರ. ನನ್ನ ಲೆಕ್ಕ ಅಲ್ಲೇ ಯುನಿಸಾ ಕಡೆಗೆ ವಾಲಿತು.

ಫೆನ್ಸಿನ ಮಾತು. ಯುನಿಸಾ ಜೊತೆ ಬರುತ್ತಿದ್ದ ಜೆಟ್-ಲಾಕ್ ಫೆನ್ಸು ಕೊಳವೆಯ ಹಳಿಗಳ ಮೇಲೆ ಓಡುತ್ತದೆ, ಮುಂದೆ ಹಿಂದೆ ಎರಡೂ ಕಡೆ ಬಿಗಿಯುತ್ತದೆ. ಚೊಕ್ಕವಾಗಿದ್ದಾಗ ಒಳ್ಳೆಯದೇ. ಸವೆದ ಮೇಲೆ ಬಿಗಿಯುವಾಗ ಓರೆಯಾಗುತ್ತದೆ, ಪ್ರತಿ ಸಲ ಟೇಪು ಹಿಡಿದು ಹಿಂದೆ ಮುಂದೆ ಅಳೆಯಬೇಕು. ಬಿಲ್ ಬೀಸ್‌ಮೇಯರ್ ಎಂಬಾತ ರೂಪಿಸಿದ ಟಿ-ಆಕಾರದ ಫೆನ್ಸು ಮುಂದಿನ ಹಳಿಯನ್ನು ಮಾತ್ರ ಹಿಡಿಯುತ್ತದೆ, ಆದರೂ ಮೂಲೆಮಟ್ಟದಷ್ಟು ನೇರ. ಅದು, ಅಥವಾ ಅದರ ನಕಲು, ಇರುವ ಮಿಷನ್ ಸಿಕ್ಕರೆ ನೂರೈವತ್ತು ಡಾಲರು ಹೆಚ್ಚು ಕೊಟ್ಟರೂ ಲಾಭ.

ಕರೆಂಟಿನ ವಿಷಯ ಹೇಳದಿದ್ದರೆ ಹೋಲಿಕೆ ಪೂರ್ತಿಯಾಗದು. ಭಾರತದ ನಮ್ಮೂರಲ್ಲಿ ತೋಟದ ಪಂಪ್‌ಸೆಟ್ಟಿಗೂ ತ್ರೀ ಫೇಸ್ ಬರುತ್ತದೆ. ಅಮೆರಿಕದ ಮನೆಗಳಿಗೆ ಬರುವುದು ಸಿಂಗಲ್ ಫೇಸ್, 240 ವೋಲ್ಟು. ಶಾಲೆ, ಕಾರ್ಖಾನೆಗಳಿಂದ ಬಂದ 66ಗಳಲ್ಲಿ ತ್ರೀ ಫೇಸಿನವು ಸಾಕಷ್ಟು. ಮನೆಯವರು ಹೆದರಿ ಕೊಳ್ಳುವುದಿಲ್ಲ, ಬೆಲೆ ಇಳಿಯುತ್ತದೆ. ಹೆದರಬೇಕಿಲ್ಲ. ಸಿಂಗಲ್ ಫೇಸ್ ಒಳಗೆ ತಗೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಪೆಟ್ಟಿಗೆ ಹಾಕಿದರೆ ಆಯಿತು, ನಿಧಾನವಾಗಿ ಶುರುವಾಗುವ ಅನುಕೂಲವೂ ಸೇರುತ್ತದೆ. ಮೋಟಾರಿನ ತಟ್ಟೆಯ ಮೇಲೆ 230 ವೋಲ್ಟು ಇದೆಯೇ ನೋಡಿ, ಬರೀ 460 ಇದ್ದರೆ ಬಿಟ್ಟುಬಿಡಿ. ವಿಎಫ್‌ಡಿಯಿಂದ ಮೋಟಾರಿಗೆ ತಂತಿ ನೇರ ಹೋಗಲಿ, ನಡುವೆ ಹಳೆಯ ಸ್ವಿಚ್ಚು ಇಡಬೇಡಿ. ಒಳ್ಳೆಯ ಸಿಂಗಲ್ ಫೇಸ್ 66ಕ್ಕೆ ನಮ್ಮ ಕಡೆ ಸಾವಿರ ಡಾಲರು ದಾಟುತ್ತದೆ, ಯುನಿಸಾ ಐನೂರರಿಂದ ಏಳುನೂರರೊಳಗೆ.

ನೋಡಲು ಹೋಗುವಾಗ ಜೇಬಿನಲ್ಲಿ ಟಾರ್ಚು, ಒಂದು ಸಣ್ಣ ಸುತ್ತಿಗೆ, ನೇರ ಪಟ್ಟಿ ಇರಲಿ. ಹಳೆಯವನ್ನು ಸಾಗಿಸುವವರು ಮೇಜು ಹಿಡಿದು ಎತ್ತುತ್ತಾರೆ, ಇಲ್ಲವೇ ಟ್ರಕ್ಕಿನಿಂದ ಕೆಡವುತ್ತಾರೆ. ಬಿರುಕು ಬಿಡುವುದು ಒಳಗಿನ ಟ್ರನಿಯನ್ನು. ಧೂಳು ಒರೆಸಿ ನೋಡಿ, ಮೆಲ್ಲಗೆ ಬಡಿದು ಕೇಳಿ: ಗಟ್ಟಿ ಬೀಡು ನಾದ ಕೊಡುತ್ತದೆ, ಒಡೆದದ್ದು ಮೊಂಡು ಸದ್ದು. ಹಿಡಿಕೆ ತಿರುಗದಿದ್ದರೆ ಗಾಬರಿಯಾಗಬೇಡಿ, ಮರದ ಅಂಟು ಮತ್ತು ಹುಡಿ ಹಲ್ಲುಗಳಲ್ಲಿ ಗಟ್ಟಿಯಾಗಿರುತ್ತದೆ, ತಂತಿ ಬ್ರಶ್ಶು ಸೀಮೆಎಣ್ಣೆಗೆ ಬಿಡುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಈ ಮೂರರಲ್ಲೂ ಇಲ್ಲದ್ದು ಒಂದಿದೆ: ಬ್ಲೇಡಿನ ಹಿಂದೆ, ಅದರ ಜೊತೆಗೇ ಏರಿಳಿಯುವ ರೈವಿಂಗ್ ನೈಫ್. ಸೀಳಿದ ಮರ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯುವ ತಗಡು ಅದು. 2000ದ ದಶಕದ ಕೊನೆಯಿಂದ ಹೊಸ ಮಿಷನ್‌ಗಳಲ್ಲಿ ಅದು ಬರುತ್ತಿದೆ. ಹಳೆಯವುಗಳ ಜೊತೆ ಬಂದ ಗಾರ್ಡು, ಸ್ಪ್ಲಿಟರ್ (ಬ್ಲೇಡಿನ ಜೊತೆ ಏರಿಳಿಯದ, ಅಂಥದೇ ತಗಡು) ಎಲ್ಲೋ ಕಳೆದುಹೋಗಿರುತ್ತವೆ. ನಾನು ಹೊರಗಿನಿಂದ ಸ್ಪ್ಲಿಟರ್ ಕೊಂಡು ಹಾಕಿದ್ದೇನೆ, ಅದು ಅರ್ಧ ಪರಿಹಾರ. 2004ರಿಂದ ಮಾರಾಟದಲ್ಲಿರುವ ಸಾಸ್ಟಾಪ್ ಎಂಬ ಟೇಬಲ್ ಸಾದಲ್ಲಿ ಚರ್ಮ ತಾಗಿದ ಐದು ಮಿಲಿಸೆಕೆಂಡಿನೊಳಗೆ ಅಲ್ಯುಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿ ನಿಲ್ಲಿಸುತ್ತದೆ. ಬ್ಲೇಡೂ ಆ ತುಂಡೂ ಹಾಳು, ಬೆರಳು ಉಳಿಯುತ್ತದೆ. ಪರಿಚಯದವರ ಗ್ಯಾರೇಜಿನಲ್ಲಿ ಅದರ ಮೇಲೂ ಕೊಯ್ದಿದ್ದೇನೆ. ಕೊಯ್ತ ನನ್ನ ಯುನಿಸಾಗಿಂತ ಉತ್ತಮವೇನಲ್ಲ, ಬೆಲೆ ಎಷ್ಟೋ ಪಟ್ಟು. ಆದರೆ ಮಗಳು ಈಚೆಗೆ ಗ್ಯಾರೇಜಿಗೆ ಬಂದು ತಾನೂ ಕೊಯ್ಯುತ್ತೇನೆ ಅನ್ನುತ್ತಿದ್ದಾಳೆ. ಸದ್ಯ ಅವಳಿಗೆ ಕೈಗರಗಸ ಕೊಟ್ಟಿದ್ದೇನೆ. ಅದು ಸಾಲದು ಅಂದ ದಿನ ಯುನಿಸಾ ಮಾರಾಟಕ್ಕಿದೆ, ಮೂಲ ಮೋಟಾರಿನ ಸಮೇತ.