ಒಂದು ವರ್ಷದ ಕ್ರೆಡಿಟ್ ಕಾವಲು: ಕೊಟ್ಟ ಹಣಕ್ಕೆ ಸಿಕ್ಕಿದ್ದೆಷ್ಟು?

ಮಗಳಿಗೆ ಸ್ಕೂಟರ್ ಕೊಡಿಸಲೆಂದು ಕಳೆದ ವರ್ಷ ದಾವಣಗೆರೆಯ ಪಿ.ಜೆ. ಬಡಾವಣೆಯ ಬ್ಯಾಂಕೊಂದರಲ್ಲಿ ಸಾಲ ಕೇಳಲು ಹೋಗಿದ್ದಾಗ, ಅಲ್ಲಿನ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, "ಯಜಮಾನ್ರೇ, ನಿಮ್ಮ ಹೆಸರಲ್ಲಿ ಹನ್ನೆರಡು ಸಾವಿರದ್ದೊಂದು ಸಾಲ ಐತಲ್ರೀ, ಮೂರು ಕಂತು ಕಟ್ಟಿಲ್ಲ" ಎಂದರು. ಮಂಡಿಪೇಟೆಯ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ನನ್ನ ಹೆಸರಿನಲ್ಲೇ ನಾನು ಕಾಣದ ಸಾಲವಿತ್ತು. ಯಾರೋ ನನ್ನ ಪ್ಯಾನ್ ಸಂಖ್ಯೆ ಬಳಸಿ ಮೊಬೈಲಿನ ಸಾಲದ ಆ್ಯಪ್ ಮೂಲಕ ಆ ಹಣ ಎತ್ತಿದ್ದರು. ಸಿಮ್ ಕಾರ್ಡಿಗೆ, ಲಾಡ್ಜಿಗೆ, ಕಡೆಗೆ ಕಲ್ಯಾಣ ಮಂಟಪ ಕಾದಿರಿಸುವುದಕ್ಕೂ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಬರುವ ನಮಗೆ, ಅದು ಎಲ್ಲಿ ಸೋರಿತೆಂದು ಹುಡುಕುವುದು ಆಗದ ಮಾತು.

ಆ ವಾರವೇ ಕ್ರೆಡಿಟ್ ಮೇಲೆ, ಅಂದರೆ ನಮ್ಮ ಹೆಸರಿನ ಸಾಲದ ದಾಖಲೆಯ ಮೇಲೆ, ನಿಗಾ ಇಡುವ ಸೇವೆಯೊಂದಕ್ಕೆ ಸಾವಿರದ ಇನ್ನೂರು ರೂಪಾಯಿ ವಾರ್ಷಿಕ ಚಂದಾ ಕಟ್ಟಿದೆ. ನಮ್ಮ ದೇಶದಲ್ಲಿ ಸಾಲದ ಮಾಹಿತಿ ಕಲೆಹಾಕುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಜನರ ಬಾಯಲ್ಲಿ ನಾಲ್ಕೂ ಒಟ್ಟಾಗಿ 'ಸಿಬಿಲ್' ಆಗಿಬಿಟ್ಟಿವೆ. ನಾನು ಹಣ ಕಟ್ಟಿದ ಸೇವೆ ಇವುಗಳ ಪೈಕಿ ಒಂದೇ ಒಂದು ಕಂಪನಿಯ ದಾಖಲೆಯನ್ನು ಕಾಯುತ್ತದೆ ಎಂಬುದು ಹಣ ಕಟ್ಟಿದ ಮೇಲೆ, ಸಣ್ಣ ಅಕ್ಷರದ ನಿಯಮಗಳನ್ನು ಓದಿದಾಗ ತಿಳಿಯಿತು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನೋಂದಣಿ ಹತ್ತು ನಿಮಿಷದಲ್ಲಿ ಮುಗಿಯಿತು, ಪೂರ್ಣ ವರದಿ ತಕ್ಷಣ ಸಿಕ್ಕಿತು. ನಮ್ಮ ವರದಿಯನ್ನು ನಾವೇ ಎಷ್ಟು ಸಲ ತೆರೆದರೂ ಸ್ಕೋರ್, ಅಂದರೆ ಸಾಲ ತೀರಿಸುವ ನಮ್ಮ ನಡತೆಗೆ ಕೊಡುವ ಅಂಕ, ಇಳಿಯುವುದಿಲ್ಲವಾದ್ದರಿಂದ ನಿಧಾನವಾಗಿ, ಖಾತೆ ಪುಸ್ತಕ ತಾಳೆ ನೋಡುವಂತೆ ಓದಿದೆ. ಎಲ್ಲರ ಕಣ್ಣೂ 300ರಿಂದ 900ರವರೆಗಿನ ಆ ಸ್ಕೋರಿನ ಮೇಲೆ ಬೀಳುತ್ತದೆ. ಆದರೆ ಕಳ್ಳತನದ ಜಾಡು ಇರುವುದು ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆಗಳ ಪುಟದಲ್ಲಿ. ನನ್ನ ವರದಿಯಲ್ಲಿ ಹೆಸರು ಮೂರು ಬಗೆಯಲ್ಲಿತ್ತು: ಇನಿಷಿಯಲ್ ಮುಂದೆ ಇರುವುದು, ಹಿಂದೆ ಇರುವುದು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ನಮ್ಮ ಕಡೆಯ ಹೆಸರುಗಳಿಗೆ ಇದು ಸಹಜವೆಂದು ಬಿಟ್ಟೆ. ವಿಳಾಸ ನಾಲ್ಕಿದ್ದವು, ನಿಟ್ಟುವಳ್ಳಿಯ ಈಗಿನ ಮನೆ, ಹರಿಹರದ ಹಳೆಯ ಬಾಡಿಗೆ ಮನೆ, ಅಂಗಡಿಯ ವಿಳಾಸ, ಮತ್ತು ನಾನು ಎಂದೂ ಕಾಲಿಡದ ಬೇರೊಂದು ರಾಜ್ಯದ ಊರು. ಅದರ ಪಕ್ಕದಲ್ಲೇ ನನ್ನದಲ್ಲದ ಮೊಬೈಲ್ ಸಂಖ್ಯೆಯೂ ಇತ್ತು. ಮುಂದಿನ ಎಲ್ಲ ದೂರುಗಳಿಗೂ ಆ ಎರಡು ಸಾಲುಗಳೇ ನನಗೆ ಆಧಾರವಾದವು.

ಇನ್ನು ಎಚ್ಚರಿಕೆಯ ಸಂದೇಶಗಳ ವಿಚಾರ. ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಬಂದವು, ಉಪಯೋಗಕ್ಕೆ ಬಂದದ್ದು ಎರಡು. ಉಳಿದವು ಸ್ಕೋರ್ ಮೂರು ಅಂಕ ಏರಿತು, ಎರಡು ಅಂಕ ಇಳಿಯಿತು ಎಂಬ ವರದಿಗಳು, ಜೊತೆಗೆ 'ನಿಮಗಾಗಿ ಮಂಜೂರಾದ' ಸಾಲಗಳ ಜಾಹೀರಾತುಗಳು. ಸಾಲದ ಮೋಸದಿಂದ ನೊಂದು ಬಂದವನಿಗೆ ಸಾಲವನ್ನೇ ಮಾರಲು ಹೊರಟ ಈ ಜಾಣತನ ನನಗೆ ಹಿಡಿಸಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲೇ ಇರುವುದರಿಂದ, ಕನ್ನಡ ಮಾತ್ರ ಓದಬಲ್ಲವರು ಈ ಸೇವೆಯನ್ನು ಸ್ವತಂತ್ರವಾಗಿ ಬಳಸಲಾರರು.

ಎಚ್ಚರಿಕೆ ಎಷ್ಟು ಬೇಗ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ಯಾವುದಾದರೂ ಸಂಸ್ಥೆ ನಮ್ಮ ವರದಿಯನ್ನು ತೆಗೆಸಿ ನೋಡಿದರೆ, ಅಂದರೆ ಎನ್‌ಕ್ವೈರಿ ಆದರೆ, ಆ ಸುದ್ದಿ ಬೇಗ ಬರುತ್ತದೆ. ಸಾಲದ ಖಾತೆಯೇ ತೆರೆದಿದ್ದರೆ, ಸಾಲ ಕೊಟ್ಟವರು ಅದನ್ನು ವರದಿ ಮಾಡುವವರೆಗೆ ಅದು ಕಾಣುವುದಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ವರದಿ ಮಾಡಬೇಕೆಂದಾಯಿತು. ಮೊದಲು ತಿಂಗಳಿಗೊಮ್ಮೆ ಇತ್ತು. ಸಾಲ ಕೊಡುವವರೆಲ್ಲ ನಾಲ್ಕೂ ಕಂಪನಿಗಳಿಗೆ ಮಾಹಿತಿ ಕೊಡಬೇಕಾದ್ದರಿಂದ ಖಾತೆಯೇನೋ ಕೊನೆಗೆ ಎಲ್ಲೆಡೆ ಕಾಣಿಸಿಕೊಳ್ಳುತ್ತದೆ, ಆದರೆ ಎನ್‌ಕ್ವೈರಿ ದಾಖಲಾಗುವುದು ಸಾಲ ಕೊಡುವವರು ಕೇಳಿದ ಕಂಪನಿಯಲ್ಲಿ ಮಾತ್ರ. ನನ್ನ ಹೆಸರಿನಲ್ಲಿ ಎರಡನೆಯ ಸಲ ನಡೆದ ಪ್ರಯತ್ನ ಹೀಗೆಯೇ ತಪ್ಪಿಸಿಕೊಂಡಿತು. ಇನ್ನೊಂದು ಕಂಪನಿಯ ಉಚಿತ ವರದಿ ತೆಗೆದಾಗ ಸಿಕ್ಕಿತು.

ದಾಖಲೆಯಲ್ಲಿ ತಪ್ಪಿದೆಯೆಂದು ಹಾಕುವ ತಕರಾರು ಹಣ ಕಟ್ಟಿದವರಿಗೆ ಬೇಗ ಇತ್ಯರ್ಥವಾಗುತ್ತದೆಂದು ನಾನು ಭಾವಿಸಿದ್ದೆ. ಆದರೆ ಚಂದಾದಾರನಿಗೂ ಚಂದಾ ಕಟ್ಟದವನಿಗೂ ಇರುವುದು ಒಂದೇ ಅರ್ಜಿ. ಸಾಲ ಕೊಟ್ಟವರು ಒಪ್ಪದೆ ಮಾಹಿತಿ ಕಂಪನಿ ದಾಖಲೆಯನ್ನು ತಿದ್ದುವುದಿಲ್ಲ. ನನ್ನ ಮೊದಲ ತಕರಾರಿಗೆ ಹತ್ತೊಂಬತ್ತನೆಯ ದಿನ 'ದಾಖಲೆ ಸರಿಯಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಬಳಿಕ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧದ ಸರ್ಕಾರಿ ಪೋರ್ಟಲಿನಲ್ಲಿ ದೂರು ದಾಖಲಿಸಿ, ಅದರ ಸ್ವೀಕೃತಿಯನ್ನೂ ಅಪರಿಚಿತ ವಿಳಾಸವಿದ್ದ ಪುಟವನ್ನೂ ಲಗತ್ತಿಸಿ ಎರಡನೆಯ ತಕರಾರು ಹಾಕಿದೆ. ನಲವತ್ತೊಂದನೆಯ ದಿನ ಆ ಸಾಲ ಅಳಿಸಿಹೋಯಿತು. ಮೂವತ್ತು ದಿನದೊಳಗೆ ತೀರದ ದೂರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಅದನ್ನು ಉಲ್ಲೇಖಿಸಿ ಬರೆದ ಮೇಲೆ ಹನ್ನೊಂದು ದಿನದ 1,100 ರೂಪಾಯಿ ಖಾತೆಗೆ ಬಂತು. ಚಂದಾದ ಹಣ ಬಹುಪಾಲು ಹೀಗೆ ವಾಪಸಾಯಿತೆಂದು ಮನೆಯವರು ನಕ್ಕರು.

ಸೇವೆಗೆ ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಇದು ಹೊಸ ಸಾಲವನ್ನು ತಡೆಯುವುದಿಲ್ಲ, ಆದದ್ದನ್ನು ತಿಳಿಸುತ್ತದೆ, ಅಷ್ಟೇ. ಅಮೆರಿಕದಲ್ಲಿ ಹೊಸದಾಗಿ ಸಾಲ ಕೊಡುವವರು ತೆರೆಯದಂತೆ ತಮ್ಮ ದಾಖಲೆಯನ್ನೇ ಉಚಿತವಾಗಿ ಬಂದ್ ಮಾಡಿಸುವ ಅವಕಾಶ 2018ರಿಂದ ಎಲ್ಲರಿಗೂ ಇದೆ. ನಾನು ಹಣ ಕೊಟ್ಟ ಸೇವೆಯಲ್ಲಿ ಅಂಥದ್ದೇನೂ ಇಲ್ಲ. ಒಮ್ಮೆ ಮೋಸಹೋದವರು, ಅದರ ಬಿಸಿ ಆರುವವರೆಗೆ ಒಂದು ವರ್ಷ ಇಟ್ಟುಕೊಳ್ಳಬಹುದು. ಉಳಿದವರಿಗೆ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಕೊಡಬೇಕಾದ ಉಚಿತ ಪೂರ್ಣ ವರದಿಗಳೇ ಸಾಕು. ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ವರದಿಯನ್ನು ಯಾರಾದರೂ ತೆಗೆಸಿದರೆ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸುವುದನ್ನೂ ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರಿನ ಇನ್ನೊಂದು ಆದೇಶ ಕಡ್ಡಾಯ ಮಾಡಿದೆ, ಆದರೆ ಆ ಸಂದೇಶ ಹೋಗುವುದು ದಾಖಲೆಯಲ್ಲಿರುವ ಸಂಖ್ಯೆಗೆ. ಅಲ್ಲಿರುವುದು ನಿಮ್ಮ ಸಂಖ್ಯೆಯೇ ಎಂದು ಮೊದಲು ನೋಡಿಕೊಳ್ಳಿ. ಆಧಾರ್ ಬಯೋಮೆಟ್ರಿಕ್ಸ್ ಲಾಕ್ ಮಾಡುವುದಕ್ಕೂ, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನೋಡುವುದಕ್ಕೂ ಕಾಸು ಖರ್ಚಿಲ್ಲ.

ಚಂದಾ ತಾನಾಗಿಯೇ ನವೀಕರಣವಾಗುವಂತೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಅದನ್ನು ತೆಗೆಯುವ ಜಾಗ ಹುಡುಕಲು ನನಗೆ, ನೋಂದಣಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.